ಪರವಾಗಿಲ್ಲ ಅನ್ನೋದು ನಂಬರಲ್ಲ

ಒಂದು ಭಾನುವಾರ, ನಾನಿರುವ ಈ ಪರದೇಶದ ಊರು ವುಡ್‌ಬ್ರಿಡ್ಜ್‌ನ ಪಾರ್ಕಿನಲ್ಲಿ ಕಬಡ್ಡಿ ಆಡುವಾಗ ಗಕ್ಕನೆ ತಿರುಗಿದೆ. ಪಾದ ಹುಲ್ಲಿನಲ್ಲೇ ಉಳಿಯಿತು, ಮಂಡಿ ತಿರುಗಿತು. ಟಪ್ ಅಂತ ಸದ್ದಾಯಿತು. ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು. ಸರ್ಜನ್ ನನ್ನ ತೊಡೆಯ ಹಿಂದಿನಿಂದಲೇ ನಾರಿನಂಥ ಒಂದು ಪಟ್ಟಿ ತೆಗೆದು ಮಂಡಿಯೊಳಗೆ ಕೂರಿಸಿದರು. ಅದು ಒಂದು ಬೆಳಿಗ್ಗೆಯ ಕೆಲಸ. ಉಳಿದದ್ದೆಲ್ಲ ಆಂಟಿಯ ಕೆಲಸ.

ಆಂಟಿ ಅಂದರೆ ನನಗೆ ಫಿಸಿಯೋಥೆರಪಿ ಮಾಡಿಸಿದವರು, ಧಾರವಾಡದ ಕಡೆಯವರು. ನಾನು ಹೋಟೆಲಿನಲ್ಲಿ ದೋಸೆ ಹುಯ್ಯುವವನು. ದಿನಕ್ಕೆ ಹತ್ತು ಗಂಟೆ ಕಾವಲಿ ಮುಂದೆ ನಿಲ್ಲಬೇಕು. ಮಂಡಿ ಪೂರ್ತಿ ನೆಟ್ಟಗಾಗದಿದ್ದರೆ ಆ ಕೆಲಸ ಹೋಯಿತು. ಬೇರೆ ಕೆಲಸ ನನಗೆ ಬರುವುದಿಲ್ಲ.

ಮೊದಲ ದಿನ ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತಿದರು.

"ನೋವು ಎಷ್ಟೈತಿ? ಸೊನ್ನೆಯಿಂದ ಹತ್ತರೊಳಗ ಹೇಳು."

"ಪರವಾಗಿಲ್ಲ ಆಂಟಿ."

"ಪರವಾಗಿಲ್ಲ ಅನ್ನೂದು ನಂಬರಲ್ಲಪಾ."

"ಹಂಗಾದ್ರೆ ಎರಡು."

ಅವರು ನನ್ನ ಮುಖ ನೋಡಲಿಲ್ಲ, ಕಾಲ್ಬೆರಳು ನೋಡಿದರು. ಐದೂ ಮುದುಡಿದ್ದವು.

"ಬಾಯಿ ಎರಡು ಅಂತೈತಿ, ಬೆರಳು ಎಂಟು ಅಂತಾವ. ಯಾರನ್ನ ನಂಬ್ಲಿ?"

"ನೋವು ಅಂದ್ರೆ ನಿಲ್ಲಿಸ್ಬಿಡ್ತೀರ ಅಂತ ಆಂಟಿ. ನಾನು ಬೇಗ ಕೆಲ್ಸಕ್ಕೆ ಹೋಗ್ಬೇಕು."

"ಸುಳ್ಳು ಹೇಳಿ ಬಾವು ಬರಿಸ್ಕೊಂಡ್ರ ಇನ್ನೂ ತಡ ಆಕ್ಕೈತಿ. ಖರೆ ಹೇಳು. ನಿಲ್ಸಂಗಿಲ್ಲ, ಸ್ವಲ್ಪ ಕಮ್ಮಿ ಒತ್ತತೀನಿ, ಅಷ್ಟ."

ಅಂದಿನಿಂದ ನಿಜ ಹೇಳಿದೆ. ಆರು ಅಂದರೆ ಕಮ್ಮಿ ಒತ್ತುವರು, ಮೂರು ಅಂದರೆ ಜಾಸ್ತಿ. ಒಂದು ದಿನವೂ ಪಾಪ ಅನ್ನಲಿಲ್ಲ, ಭೇಷ್ ಅಂತಲೂ ಅನ್ನಲಿಲ್ಲ. ಅದೇ ನನಗೆ ಹಿಡಿಸಿತು. ಕಾಲು ಚಾಚಿ ಮಲಗಿಸಿ ಮಂಡಿಗೂ ಬೆಂಚಿಗೂ ನಡುವೆ ಬೆರಳು ತೂರಿಸಿ ನೋಡುತ್ತಿದ್ದರು. ಮೊದಮೊದಲು ಮೂರು ಬೆರಳು ಸಲೀಸಾಗಿ ಹೋಗುತ್ತಿದ್ದವು. ಒಂದು ದಿನ ಒಂದೂ ಹೋಗಲಿಲ್ಲ. "ಹ್ಞೂಂ," ಅಂದರು, ಅಷ್ಟೇ. ನನ್ನ ಕಣ್ಣು ಒದ್ದೆಯಾಯಿತು.

ನಾಲ್ಕನೇ ತಿಂಗಳು ಮತ್ತೆ ಕಾವಲಿ ಮುಂದೆ ನಿಂತೆ. ಮೊದಲ ಶನಿವಾರವೇ ಮಧ್ಯಾಹ್ನ ಆಂಟಿ ಬಂದು ಕೂತರು. ದೋಸೆ ನಾನೇ ತಂದುಕೊಟ್ಟೆ. ಅವರ ಕಣ್ಣು ಮೊದಲು ನನ್ನ ಕಾಲಿಗೆ ಹೋಯಿತು.

"ನೋವು?"

"ಒಂದು. ಬೆಳಿಗ್ಗೆಯಿಂದ ನಿಂತೇ ಇದೀನಿ."

ತಲೆಯಾಡಿಸಿ ತಿನ್ನತೊಡಗಿದರು.

"ದೋಸೆ ಹೆಂಗಿದೆ ಆಂಟಿ?"

"ಪರವಾಗಿಲ್ಲ."

"ಅದು ನಂಬರಲ್ಲ."

"ಏಳು," ಅಂದರು. "ಚಟ್ನಿಗೆ ಉಪ್ಪು ಕಮ್ಮಿ ಆಗೈತಿ."

ಚಟ್ನಿ ಬಟ್ಟಲು ಎತ್ತಿಕೊಂಡು ಒಳಗೆ ನಡೆದೆ. ಓಡುವುದಕ್ಕೆ ಅವರ ಅಪ್ಪಣೆ ಇನ್ನೂ ಆಗಿರಲಿಲ್ಲ.