ಫ್ರಾನ್ಸಿನ ಹಸು

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ನನ್ನ ಮಗಳಿಗೂ ಹೇಳಿಲ್ಲ, ನೀವೂ ಯಾರ ಹತ್ರಾನೂ ಬಾಯಿ ಬಿಡಬೇಡಿ.

ಇಲ್ಲಿ ಅಮೆರಿಕದ ಯೂನಿಯನ್ ಸಿಟಿಯಲ್ಲಿ ನಮ್ಮ ಎದುರು ಮನೆಯವಳು ಶೈಲಜಾ, ಮೈಸೂರಿನವಳು. ಶನಿವಾರದ ಭಜನೆ ಅವಳ ಮನೆ ಸರದಿಗೆ ಬಂತು ನೋಡಿ, ಗಂಡ ಹೆಂಡತಿ ಫ್ರಾನ್ಸಿನ ಯಾವುದೋ ಹಳ್ಳಿಗೆ ರಜಕ್ಕೆ ಹೊರಟೇಬಿಟ್ಟರಂತೆ. ಬಂದವರಿಗೆಲ್ಲ ಪುಳಿಯೋಗರೆ ಕಲಸೋದು ತಪ್ಪಿತಲ್ಲ. ನನಗೆ ಆಗಲೇ ಅನುಮಾನ.

ವಾಪಸ್ಸು ಬಂದ ಮೇಲೆ ಕೇಳಿದೆ, "ಏನೇನು ನೋಡಿದೆಯಮ್ಮ ಅಲ್ಲಿ?"

"ಏನೂ ಇಲ್ಲ ಆಂಟಿ. ಬೆಳಗ್ಗೆ ನಡ್ಕೊಂಡು ಹೋಗಿ ಬ್ರೆಡ್ಡು ತರ್ತಿದ್ವಿ. ಹೊಳೆ ದಡದಲ್ಲಿ ಕೂರ್ತಿದ್ವಿ. ಮಧ್ಯಾಹ್ನ ಮಲಗ್ತಿದ್ವಿ."

ಮಲಗೋದಕ್ಕೆ ಯಾರಾದರೂ ವಿಮಾನ ಹತ್ತುತ್ತಾರಾ? ಫೋಟೋ ತೋರಿಸು ಅಂದೆ. ಫೋನಿನಲ್ಲಿ ಒಂದು ಹಸು, ಅಷ್ಟೇ. ಅಂಥ ಹಸುಗಳು ಇಲ್ಲೇ ಫ್ರೀವೇ ಪಕ್ಕದ ಗುಡ್ಡದಲ್ಲೂ ಮೇಯುತ್ತವೆ. ಇವರು ಎಲ್ಲಿಗೂ ಹೋಗಿಲ್ಲ, ಕರ್ಟನ್ ಎಳ್ಕೊಂಡು ಮನೆಯೊಳಗೇ ಅಡಗಿ ಕೂತಿದ್ದರು ಅಂತ ಮುಂದಿನ ಭಜನೆಯಲ್ಲಿ ನಾಲ್ಕು ಜನರ ಕಿವಿಗೆ ಹಾಕಿದೆ.

ಮಂಗಳಾರತಿ ಮುಗಿಯೋದರೊಳಗೆ ಅವಳಿಗೆ ಮುಟ್ಟಿತ್ತು. ಮಾರನೇ ದಿನ ಬಾಗಿಲಿಗೇ ಬಂದು, ಅಲ್ಲಿಂದ ತಂದಿದ್ದು ಅಂತ ಒಂದು ಜಾಮಿನ ಬಾಟಲಿ ಕೊಟ್ಟಳು. ಅದರ ಮೇಲಿನ ಅಕ್ಷರ ನನಗೆ ಓದೋಕೆ ಬರಲ್ಲ, ಅದೂ ಇಲ್ಲಿನ ಅಂಗಡಿಯದೇ ಇರಬೇಕು.

ಆಮೇಲೆ ನನ್ನ ಮುಖಕ್ಕೇ ಹೇಳಿದಳು: "ಆಂಟಿ, ಅಲ್ಲಿ ದಿನಾ ಬೆಳಗ್ಗೆ ಕರ್ಟನ್ ಸರಿಸಿದರೆ ಆ ಹಸು ನಮ್ಮನ್ನೇ ನೋಡ್ತಾ ನಿಂತಿರ್ತಿತ್ತು. ಇಲ್ಲಿ ನೀವು ನಿಂತಿರ್ತೀರ. ಆದರೆ ಹಸು ಹೋಗಿ ಯಾರಿಗೂ ಹೇಳ್ತಿರಲಿಲ್ಲ."