ಎರಡನೇ ಗೇರಿನ ಕೆಮ್ಮು

ಅಬ್ಬಿಗೆರೆಯ ಪಿಳ್ಳಪ್ಪನ ಬಳಿ ಕಾರಿರಲಿಲ್ಲ. ಒಂದು ಸೈಕಲ್ಲಿತ್ತು, ಅದರ ಹಿಂದೆ ಸೊಪ್ಪಿನ ಕುಕ್ಕೆಯಿತ್ತು. ಆದರೆ ಅವನ ಬಾಯಲ್ಲಿ ಇಟಲಿಯ ಒಂದು ಆಲ್ಫಾ ರೋಮಿಯೋ ಕಾರಿತ್ತು, ಅದೂ ಕೆಂಪು ಬಣ್ಣದ್ದು. ಬಾಯಲ್ಲಿರುವ ಕಾರಿಗೆ ಎಂಥ ಬಣ್ಣ ಎನ್ನುವವರು ಅದನ್ನು ಒಮ್ಮೆಯೂ ಕೇಳಿದವರಲ್ಲ. ಅಂಥವರ ಜೊತೆ ವಾದ ಬೇಡ.

ಆ ಕಾರು ಅವನಿಗೆ ಸಿಕ್ಕಿದ್ದು ಯುದ್ಧದ ಕಾಲದಲ್ಲಿ. ಜಾಲಹಳ್ಳಿಯ ಕಡೆ ಸೆರೆಸಿಕ್ಕ ಇಟಲಿಯ ಸಿಪಾಯಿಗಳನ್ನಿಟ್ಟಿದ್ದ ಕ್ಯಾಂಪಿನ ಅಡುಗೆಮನೆಗೆ ಇಪ್ಪತ್ತರ ಹರೆಯದ ಪಿಳ್ಳಪ್ಪ ದಿನಾ ಸೊಪ್ಪು ಹಾಕುತ್ತಿದ್ದ. ಅಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಮರೀನೋ ಎಂಬ ಕೈದಿ ತನ್ನೂರಿನಲ್ಲಿ ರೇಸ್ ಕಾರುಗಳ ಮೆಕ್ಯಾನಿಕ್ ಆಗಿದ್ದವನು. ಇವನಿಗೆ ಅವನ ಭಾಷೆ ಬಾರದು, ಅವನಿಗೆ ಇವನದು ಬಾರದು. ಹಾಗಾಗಿ ಇಬ್ಬರೂ ಕಾರಿನಲ್ಲೇ ಮಾತಾಡಿಕೊಂಡರು. ಮರೀನೋ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಸೌಟನ್ನೇ ಗೇರು ಮಾಡಿಕೊಂಡು ಹೊರಡುತ್ತಿದ್ದ. ಮೊದಲನೇ ಗೇರಿನಲ್ಲಿ ಗುಡುಗು, ಎರಡನೆಯದರಲ್ಲಿ ಏರುತ್ತಾ ಹೋಗುವ ಸಿಳ್ಳೆ, ಮೂರಕ್ಕೆ ಹಾಕುವ ಮುಂಚೆ ಚಿಕ್ಕದೊಂದು ಕೆಮ್ಮು, ಆಮೇಲೆ ಪಾತ್ರೆಗಳೆಲ್ಲ ನಡುಗುವಂಥ ಚೀತ್ಕಾರ. ನಾಲ್ಕು ವರ್ಷದಲ್ಲಿ ಪಿಳ್ಳಪ್ಪ ಅಷ್ಟನ್ನೂ ಒಂದು ಉಸಿರೂ ಬಿಡದೆ ಕಲಿತ. ಯುದ್ಧ ಮುಗಿದು ಕೈದಿಗಳನ್ನು ಊರಿಗೆ ಕಳಿಸಿದ ದಿನ ಇವನು ಸೊಪ್ಪು ತರುವಷ್ಟರಲ್ಲಿ ಅಡುಗೆಮನೆ ಖಾಲಿಯಾಗಿತ್ತು. ಗೆಳೆಯನ ಒಂದು ಫೋಟೋ ಇಲ್ಲ, ವಿಳಾಸವಿಲ್ಲ. ಉಳಿದದ್ದು ಆ ಸದ್ದೊಂದೇ.

ಸಾವಿರದ ಒಂಬೈನೂರ ಐವತ್ತೆಂಟರ ಹೊತ್ತಿಗೆ ಇಟಲಿ ಕಾರಿನ ಹುಚ್ಚರೆಲ್ಲ ಭಾನುವಾರ ಬೆಳಿಗ್ಗೆ ಯಶವಂತಪುರದ ರೈಲ್ವೆ ಗೇಟಿನ ಹತ್ತಿರ ಮುಕ್ತಾರನ ಲಾರಿ ಗ್ಯಾರೇಜಿನಲ್ಲಿ ಸೇರುತ್ತಿದ್ದರು. ಎಲ್ಲರೂ ಎಂದರೆ ಮೂರು ಜನ. ಮುಕ್ತಾರ್ ಮುಂಬಯಿಯಲ್ಲಿ ಒಮ್ಮೆ ಮಸೆರಾಟಿ ಕಾರೊಂದರ ಬಿಸಿ ಬಾನೆಟ್ಟನ್ನು ಅಂಗೈಯಲ್ಲಿ ಮುಟ್ಟಿದ್ದ. ದೊಡ್ಡಬಳ್ಳಾಪುರದ ಬಸ್ಸು ಓಡಿಸುವ ಮುನಿನಾರಾಯಣಪ್ಪ ಮೇಖ್ರಿ ಸರ್ಕಲ್ಲಿನಲ್ಲಿ ಒಂದು ಲಾನ್ಸಿಯಾ ಕಾರು ಕಂಡಿದ್ದ, ಹಿಂಭಾಗ ಮಾತ್ರ. ಅವನು ವರ್ಣಿಸುತ್ತಾ ವರ್ಣಿಸುತ್ತಾ ಆ ಹಿಂಭಾಗ ವರ್ಷಕ್ಕೊಂದು ಅಡಿ ಉದ್ದವಾಗುತ್ತಿತ್ತು. ಕೊನೆಯಲ್ಲಿ ಪಿಳ್ಳಪ್ಪ ಬಕೆಟ್ಟು ಬೋರಲು ಹಾಕಿ ಕೂತನೆಂದರೆ ಗೇಟಿನ ಬಳಿ ನಿಂತ ಜಟಕಾ ಕುದುರೆಗಳು ಕಿವಿ ನಿಮಿರಿಸುತ್ತಿದ್ದವು.

ಮುಕ್ತಾರನದು ಒಂದೇ ತಕರಾರು.

"ಕೆಮ್ಮು ಕರೆಕ್ಟ್. ಗೇರ್ ಬದ್ಲಾಯ್ಸೋವಾಗ ಕಾರ್ಬುರೇಟರ್ ಕೆಮ್ಮೇ ಕೆಮ್ತದೆ, ಅದ್ಕೆ ನಾನ್ ಗ್ಯಾರಂಟಿ. ಆದ್ರೆ ಸಿಳ್ಳೆ ಎಲ್ಲಿಂದ ಬಂತು? ನಿಮ್ ಇಟಲಿಯವನಿಗೆ ಮುಂದಿನ ಹಲ್ಲಿರ್ಲಿಲ್ಲ ಅಂತ ನೀವೇ ಹೇಳಿದ್ರಿ!"

"ಅದು ಹಲ್ಲಿನ ಸಂದೀದಲ್ಲ ಸಾಬ್ರೇ. ಇಂಜಿನ್ ಒಳ್ಗೆ ಗಾಳಿ ಒತ್ತೋ ತಿದಿ ಐತೆ, ಅದು ಸಿಳ್ಳೆ ಆಕ್ತದೆ."

"ಅರೆ, ಕಾರೊಳಗೆ ಕಮ್ಮಾರ ಬೇರೆ ಕೂತಿರ್ತಾನಾ?"

ಮುನಿನಾರಾಯಣಪ್ಪ ನಕ್ಕೂ ನಕ್ಕೂ ಬೆಂಚಿನಿಂದ ಜಾರಿದ.

ಡಿಸೆಂಬರಿನಲ್ಲಿ ಅವನೇ ಸುದ್ದಿ ಹೊತ್ತು ಓಡಿಬಂದ. ಬರುವ ತಿಂಗಳು ಯಲಹಂಕದ ಏರ್‌ಫೀಲ್ಡಿನಲ್ಲಿ ಕಾರ್ ರೇಸು, ಮದರಾಸಿನಿಂದ ಒಂದು ಹಳೇ ಆಲ್ಫಾ ರೋಮಿಯೋ ಬರುತ್ತದಂತೆ! ಮೂವರೂ ಕುಣಿದಾಡಿದರು. ಕುಣಿದು ಸುಸ್ತಾದ ಮೇಲೆ ಪಂಥ ಕಟ್ಟಿದರು. ಕಾರು ಸಿಳ್ಳೆ ಹಾಕಿದರೆ ಮುಕ್ತಾರ್ ಜನರ ಮಧ್ಯೆ ಪಿಳ್ಳಪ್ಪನನ್ನು ಉಸ್ತಾದ್ ಎಂದು ಕರೆಯಬೇಕು. ಹಾಕದಿದ್ದರೆ ಪಿಳ್ಳಪ್ಪ ಇನ್ನೆಂದೂ ಆ ಸದ್ದು ಮಾಡಕೂಡದು.

ಒಪ್ಪಿಕೊಂಡು ಬಂದ ಪಿಳ್ಳಪ್ಪನಿಗೆ ಅನುಮಾನ ಹುಟ್ಟಿದ್ದು ಮನೆ ಸೇರಿದ ಮೇಲೆ. ಮರೀನೋನ ಹಲ್ಲಿನ ಸಂದಿ ಕಣ್ಣೆದುರಿಗೇ ಬಂದು ನಿಂತಿತು. ನಿಜಕ್ಕೂ ಹಲ್ಲೇ ಆಗಿದ್ದರೆ?

"ಮೊದ್ಲು ಗಾಡಿ ಪಕ್ಕಕ್ಕೆ ಆಕಿ ಮುದ್ದೆ ತಿನ್ನಿ," ಎಂದಳು ಹೆಂಡತಿ ಗೌರಮ್ಮ. ಆಮೇಲೆ ಪಂಥದ ಸುದ್ದಿ ಕೇಳಿ, "ಆ ಸದ್ದಿಲ್ದಿದ್ರೆ ನೀವು ಬಂದಿದ್ದು ನಂಗೆಂಗೆ ಗೊತ್ತಾಗ್ತದೆ?" ಎಂದಳು.

ರೇಸಿನ ದಿನ ಬ್ಯಾಟರಾಯನಪುರದಿಂದ, ಜಾಲಹಳ್ಳಿಯ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ಮೂವರು ಹುಚ್ಚರು ಹಗ್ಗಕ್ಕೆ ಹೊಟ್ಟೆಯೊತ್ತಿ ನಿಂತರು. ಅಗೋ ಬಂತು, ಕೆಂಪಗೆ, ನಿಜವಾಗಲೂ ಕೆಂಪಗೆ! ಪಿಳ್ಳಪ್ಪ ಕಣ್ಣು ಮುಚ್ಚಿದ. ಬಾವುಟ ಬಿತ್ತು. ಗುಡುಗು ಬಂತು, ಸರಿಯಾಗಿತ್ತು. ಎರಡನೇ ಗೇರು ಬಿತ್ತು. ಆಗ ಆ ಗುಡುಗಿನ ಒಳಗಿನಿಂದ ಸಣ್ಣಗೆ, ನೀಟಾಗಿ, ಮೇಲೆ ಮೇಲೆ ಏರುತ್ತಾ ಸಿಳ್ಳೆ ಬಂತು!

"ತಿದಿ! ತಿದಿ!" ಎಂದು ಪಿಳ್ಳಪ್ಪ ಎಗರಿದ. ಚಪ್ಪಲಿ ಒಂದು ಕಡೆ, ಟವೆಲ್ಲು ಇನ್ನೊಂದು ಕಡೆ. ಮುಕ್ತಾರ್ ಅವನನ್ನು ಸೊಂಟ ಹಿಡಿದು ಎತ್ತಿ, "ಉಸ್ತಾದ್! ನಮ್ ಉಸ್ತಾದ್!" ಎಂದು ಇಡೀ ಏರ್‌ಫೀಲ್ಡಿಗೇ ಕೇಳುವಂತೆ ಕೂಗಿದ. ಸೋತವನಿಗೇ ಖುಷಿ ಹೆಚ್ಚಾಗಿತ್ತು. ಯಾರೆಂದು ಗೊತ್ತಿಲ್ಲದೆ ಪಕ್ಕದ ಜನವೂ ಚಪ್ಪಾಳೆ ತಟ್ಟಿದರು.

ನಾಲ್ಕನೇ ಸುತ್ತಿನಲ್ಲಿ ಮುನಿನಾರಾಯಣಪ್ಪ ತಲೆ ಕೆರೆದುಕೊಂಡ. "ಅಲ್ಲಾ ಗುರು, ಇದು ಕೆಮ್ಮಲೇ ಇಲ್ವಲ್ಲ?"

ಮತ್ತೆರಡು ಸುತ್ತು ಕೇಳಿದರು. ಎರಡರಿಂದ ಮೂರಕ್ಕೆ ಕಾರು ಬೆಣ್ಣೆಯಂತೆ ಜಾರುತ್ತಿತ್ತು. ಗ್ಯಾರಂಟಿ ಕೊಟ್ಟಿದ್ದ ಮುಕ್ತಾರ್ ಬೇರೆಲ್ಲೋ ನೋಡತೊಡಗಿದ.

ಪಿಳ್ಳಪ್ಪನಿಗೆ ಕ್ಯಾಂಪಿನ ಅಡುಗೆಮನೆ ನೆನಪಾಯಿತು. ಹಸಿ ಸೌದೆಯ ಹೊಗೆ, ಚಳಿಗೆ ಮುದುಡಿ ಕೂತ ಮರೀನೋ, ಎರಡನೇ ಗೇರು ಮುಗಿಯುವಾಗ ಉಸಿರು ಸಾಲದೆ ಎದೆಯ ಮೇಲೆ ಹೋಗುತ್ತಿದ್ದ ಅವನ ಕೈ.

"ಆ ಕೆಮ್ಮು ಗಾಡೀದಲ್ಲ ಸಾಬ್ರೇ," ಎಂದ. "ಅದು ಅವ್ನುದು."

ಮುಂದಿನ ಭಾನುವಾರ ಗ್ಯಾರೇಜಿನಲ್ಲಿ ಪಿಳ್ಳಪ್ಪ ಬಕೆಟ್ಟಿನ ಮೇಲೆ ಕೂತ. ಗುಡುಗಿದ. ಸಿಳ್ಳೆ ಹಾಕಿದ. ಮೂರನೆಯದಕ್ಕೆ ಹೋಗುವ ಜಾಗದಲ್ಲಿ ಸದ್ದು ನಿಲ್ಲಿಸಿಬಿಟ್ಟ. ಕೆಮ್ಮಲೂ ಆಗಲಿಲ್ಲ, ಕೆಮ್ಮದೆ ದಾಟಲೂ ಆಗಲಿಲ್ಲ.

ಲಾರಿಯ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ ಮುಕ್ತಾರ್ ಸ್ಪ್ಯಾನರ್ ಕೆಳಗಿಟ್ಟ. ಆಮೇಲೆ ಅಲ್ಲಿಂದಲೇ, ಸರಿಯಾಗಿ ಆ ಜಾಗಕ್ಕೆ, ಚಿಕ್ಕದಾಗಿ ಒಮ್ಮೆ ಕೆಮ್ಮಿದ.

ಪಿಳ್ಳಪ್ಪ ಮೂರನೇ ಗೇರಿಗೆ ಹಾಕಿದ.