ಪಣಂಬೂರಿನ ಪುನುಗು ಬೆಕ್ಕಿನ ಚರ್ಮ

ಎಂಬತ್ತರ ದಶಕದ ನಡುವೆ ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಉರ್ವದ ಮನೆಯಿಂದ ದಿನವೂ ಸಿಟಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ವಿಭಾಗದ ಮೂಲೆಯಲ್ಲಿದ್ದ ಒಂದು ಕತ್ತಲೆ ಕೋಣೆಗೆ ಮ್ಯೂಸಿಯಂ ಎಂಬ ಹೆಸರು. ಅದನ್ನು ನೋಡಿಕೊಳ್ಳುತ್ತಿದ್ದ ಅಟೆಂಡರ್ ಕಾಟಿಪಳ್ಳದವರು, ಹೆಚ್ಚುಕಡಿಮೆ ನನ್ನ ತಂದೆಯ ವಯಸ್ಸಿನವರು. ಬಾಟಲಿಗಳಿಗೆ ಫಾರ್ಮಲಿನ್ ತುಂಬಿಸುವುದು, ಕಪಾಟುಗಳಲ್ಲಿ ನುಸಿಗುಳಿಗೆ ಇಡುವುದು ಎಲ್ಲ ಅವರದೇ ಕೆಲಸ.

ಒಂದು ಬೇಸಿಗೆ ರಜೆಯಲ್ಲಿ ಹೊಸ ಪ್ರಯೋಗಾಲಯಕ್ಕೆ ಜಾಗ ಮಾಡಲು ಆ ಕೋಣೆ ಖಾಲಿ ಮಾಡಬೇಕಾಯಿತು. ಹುಳ ತಿಂದದ್ದು, ಚೀಟಿ ಇಲ್ಲದ್ದು ಎಲ್ಲವನ್ನೂ ಸುಡುವುದೆಂದು ತೀರ್ಮಾನವಾಗಿತ್ತು. ನಾನು ರಾಶಿಗೆ ಹಾಕಿದ್ದರಲ್ಲಿ ಒಂದು ಒಣ ಚರ್ಮವೂ ಇತ್ತು. ಬೂದು ಬಣ್ಣ, ಮೈಮೇಲೆ ದೊಡ್ಡ ಕಪ್ಪು ಮಚ್ಚೆಗಳು, ಬೆನ್ನಿನುದ್ದಕ್ಕೂ ಕಪ್ಪು ಕೂದಲು. ಅಟೆಂಡರ್ ಬಗ್ಗಿ ಅದನ್ನು ಎತ್ತಿಕೊಂಡರು.

"ಇದನ್ನು ಸುಡುವುದು ಬೇಡ ಮೇಡಂ. ಇದು ನಾನು ಕೊಟ್ಟದ್ದು."

"ನೀವಾ? ಎಲ್ಲಿ ಸಿಕ್ಕಿತು?"

"ಪಣಂಬೂರಿನಲ್ಲಿ, ನಮ್ಮ ಮನೆಯ ಹಿಂದೆ. ಗೇರುಮರದ ಬುಡದಲ್ಲಿ ಸತ್ತು ಬಿದ್ದಿತ್ತು. ಅಷ್ಟು ದೊಡ್ಡ ಪುನುಗು ಬೆಕ್ಕನ್ನು ನಮ್ಮ ಅಪ್ಪನೂ ನೋಡಿರಲಿಲ್ಲ."

"ಆ ಜಾಗ ಈಗ ಉಂಟಾ?"

ಅವರು ನಕ್ಕರು. "ಎಲ್ಲಿಂದ ಮೇಡಂ? ಬಂದರಿಗೆ ಅಂತ ಅಗೆದರಲ್ಲ. ನಮ್ಮನ್ನು ಕಾಟಿಪಳ್ಳಕ್ಕೆ ಕಳಿಸಿದರು. ಮನೆ ಇದ್ದಲ್ಲಿ ಈಗ ಹಡಗು ನಿಲ್ಲುತ್ತದೆ."

ನಾನು ಚರ್ಮವನ್ನು ಅವರ ಕೈಯಿಂದ ತೆಗೆದುಕೊಂಡು ಮಚ್ಚೆಗಳನ್ನು ಮತ್ತೆ ನೋಡಿದೆ. ದೊಡ್ಡ ಮಚ್ಚೆಯ ಪುನುಗು ಬೆಕ್ಕು ಪಶ್ಚಿಮ ಕರಾವಳಿಯಲ್ಲಿ ಕಣ್ಣಿಗೆ ಬೀಳದೆ ಬಹಳ ಕಾಲವಾಗಿದೆ, ಅಳಿದೇಹೋಗಿರಬಹುದು ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ. ಆಗಷ್ಟೇ ಒಂದು ವಿಜ್ಞಾನ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ಓದಿದ್ದೆ. ಆಫ್ರಿಕದಲ್ಲಿ ನೂರು ವರ್ಷದ ಹಿಂದೆ ಅಳಿದ, ಮೈಯ ಮುಂದಿನ ಅರ್ಧಕ್ಕಷ್ಟೇ ಪಟ್ಟೆಯಿದ್ದ ಕುದುರೆಯಂಥ ಪ್ರಾಣಿಯೊಂದರ ಒಣ ಚರ್ಮದಿಂದ ಡಿಎನ್ಎ ತೆಗೆದಿದ್ದರು. ಅದು ಜೀಬ್ರಾದ ಹತ್ತಿರದ ನೆಂಟ ಎಂದು ಗೊತ್ತಾಗಿತ್ತು. ಸತ್ತ ಚರ್ಮವೂ ತಾನು ಯಾರೆಂದು ಹೇಳಬಲ್ಲದು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಬೆಂಗಳೂರಿನ ಒಂದು ಪ್ರಯೋಗಾಲಯದ ವಿಜ್ಞಾನಿಗೆ ಪರಿಚಯವಿಲ್ಲದಿದ್ದರೂ ಪತ್ರ ಬರೆದೆ. ಅಟೆಂಡರ್ ಹೇಳಿದ್ದನ್ನೆಲ್ಲ, ಇದು ಆ ದೊಡ್ಡ ಮಚ್ಚೆಯ ಜಾತಿಯೇ ಇರಬೇಕೆಂಬ ನನ್ನ ಊಹೆಯನ್ನೂ ಸೇರಿಸಿದೆ. ಉತ್ತರ ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಹದಿನೈದು ದಿನದಲ್ಲಿ ಬಂತು. ಎಲ್ಲಿಯದೆಂದು ತಿಳಿದಿರುವ ಚರ್ಮ ಅಪರೂಪ, ಪಾದದ ಅಂಚಿನಿಂದ ಉಗುರಿನಷ್ಟು ತುಂಡು ಕಳಿಸಿ ಎಂದಿದ್ದರು. ಇನ್ನೂ ಒಂದು ಬೇಡಿಕೆ ಇತ್ತು. ಹಳೆಯದನ್ನು ಹೋಲಿಸಿ ನೋಡಲು ನಿಮ್ಮ ಊರಿನಲ್ಲಿ ಈಗಲೂ ಇರುವ ಸಣ್ಣ ಪುನುಗು ಬೆಕ್ಕಿನ ರಕ್ತ ಬೇಕು. ಅದಕ್ಕೆಂದು, ರಕ್ತ ಹೆಪ್ಪುಗಟ್ಟದಂತೆ ಮದ್ದು ಹಾಕಿದ ಎರಡು ಟ್ಯೂಬುಗಳೂ ಲಕೋಟೆಯಲ್ಲಿದ್ದವು.

ತುಂಡು ಕತ್ತರಿಸಿ, ಇಡೀ ಚರ್ಮದ ಒಂದು ಫೋಟೋ ಜೊತೆಗಿಟ್ಟು ಕಳಿಸಿದೆವು. ಪುನುಗು ಕಂಡರೆ ತಿಳಿಸಿ ಎಂದು ನೆಂಟರಿಗೆಲ್ಲ ಹೇಳಿಟ್ಟಿದ್ದರೂ ಟ್ಯೂಬುಗಳು ಮಾತ್ರ ಆರು ತಿಂಗಳು ನನ್ನ ಮೇಜಿನಲ್ಲೇ ಉಳಿದವು. ಆಮೇಲೆ ಒಂದು ಬೆಳಿಗ್ಗೆ ಮಂಗಳೂರಿನದೇ ಫಳ್ನೀರ್‌ನಿಂದ ನನ್ನ ದೊಡ್ಡಮ್ಮ ಕಾಲೇಜಿಗೇ ಫೋನು ಮಾಡಿದರು.

"ನಿನ್ನ ಪುನುಗು ನಮ್ಮ ಕೋಳಿಗೂಡಿನಲ್ಲಿ ಉಂಟು. ಒಂದು ಕೋಳಿ ತಿಂದು ಮುಗಿಸಿದೆ. ಬೇಗ ಬಾ ಮಾರಾಯ್ತಿ, ಎರಡನೆಯದಕ್ಕೆ ಶುರು ಮಾಡ್ತದೆ!"

ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ಪಶುವೈದ್ಯರನ್ನು ಅವರ ಸ್ಕೂಟರಿನಲ್ಲೇ ಹೊರಡಿಸಿ, ಅಟೆಂಡರ್ ಜೊತೆ ಆಟೋ ಹತ್ತಿದೆ. ನಾವು ಮುಟ್ಟುವಷ್ಟರಲ್ಲಿ ದೊಡ್ಡಮ್ಮ ಗೂಡಿನ ಬಾಗಿಲಿಗೆ ಅರೆಯುವ ಕಲ್ಲು ಒತ್ತಿ, ಪೊರಕೆ ಹಿಡಿದು ಕಾವಲು ನಿಂತಿದ್ದರು. ಇಲಾಖೆಯ ಗಾರ್ಡ್ ಬಂದ ಮೇಲೆ ಅಟೆಂಡರ್ ಗೋಣಿಚೀಲ ಹಾಕಿ ಅದನ್ನು ಹಿಡಿದರು. ಘಾಟು ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡೆವು. ವೈದ್ಯರು ಹಿಂಗಾಲಿನಿಂದ ರಕ್ತ ತೆಗೆದರು.

"ಸಕ್ಕರೆ ಕಾಯಿಲೆ ಉಂಟಾ ಅಂತ ಸಹ ನೋಡಲಿಕ್ಕೆ ಹೇಳಿ," ಎಂದರು ದೊಡ್ಡಮ್ಮ. "ಅಷ್ಟು ತಿಂದಿದೆ."

ಗಾರ್ಡ್ ಪ್ರಾಣಿಯನ್ನು ಗುಡ್ಡದ ಕಡೆ ಬಿಡಲು ಒಯ್ದರು. ವೈದ್ಯರು ಲಸಿಕೆ ಒಯ್ಯುವ ತಮ್ಮ ಫ್ಲಾಸ್ಕನ್ನೇ ಕೊಟ್ಟರು. ಐಸ್ ತುಂಬಿಸಿ, ಟ್ಯೂಬುಗಳನ್ನಿಟ್ಟು, ಸಂಜೆಯ ಬೆಂಗಳೂರು ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟೆವು. ಅವರು ಅದನ್ನು ಕಾಲ ಬಳಿ ಇಟ್ಟುಕೊಂಡು, "ಇದರಲ್ಲಿ ಎಂತ ಉಂಟು?" ಎಂದು ಕೇಳಿದರು. "ಬೆಕ್ಕಿನ ರಕ್ತ," ಎಂದರು ಅಟೆಂಡರ್. ಕಂಡಕ್ಟರ್ ಪಾದ ಸ್ವಲ್ಪ ಆಚೆ ಸರಿಸಿದರು, ಅಷ್ಟೆ.

ಫಲಿತಾಂಶಕ್ಕೆ ಒಂದೂವರೆ ವರ್ಷ ಕಾದೆವು. ಕೊನೆಗೆ ಬಂದ ಪತ್ರ ಒಂದೇ ಪುಟದ್ದು. ಚರ್ಮದ ಡಿಎನ್ಎ ಹಳತಾಗಿ ಚೂರುಚೂರಾಗಿದೆ, ಓದಲು ಸಿಕ್ಕಿದ್ದು ಒಂದು ತೀರಾ ಸಣ್ಣ ತುಣುಕು. ಆದರೆ ಅದು ಫಳ್ನೀರ್‌ನ ಬೆಕ್ಕಿನ ಜಾತಿಯದ್ದಲ್ಲ, ಅಷ್ಟನ್ನು ಹೇಳಬಹುದು. ಮಚ್ಚೆಗಳ ಆಕಾರ ನೋಡಿದರೆ ನಿಮ್ಮ ಊಹೆ ಸರಿ ಎನಿಸುತ್ತದೆ. ಉಳಿದ ಚರ್ಮವನ್ನು ಜೋಪಾನ ಮಾಡಿ, ನಾಳೆ ಇದಕ್ಕಿಂತ ಒಳ್ಳೆಯ ವಿಧಾನಗಳು ಬರುತ್ತವೆ.

ನಾನು ಅದನ್ನು ಸಾಲುಸಾಲಾಗಿ ತುಳುವಿನಲ್ಲಿ ಅಟೆಂಡರ್‌ಗೆ ಹೇಳಿದೆ. ಅವರು ಕೈಕಟ್ಟಿ ನಿಂತು ಪೂರ್ತಿ ಕೇಳಿದರು.

"ಹಾಗಾದರೆ ನಮ್ಮ ಪಣಂಬೂರಿನಲ್ಲಿ ಅದು ಇದ್ದದ್ದು ಸತ್ಯ."

"ಸತ್ಯ."

"ನಾನು ಹೇಳಿದರೆ ಮಕ್ಕಳು ನಂಬುವುದಿಲ್ಲ ಮೇಡಂ. ಅಲ್ಲಿ ಗೇರುತೋಪು ಇತ್ತು ಅಂದರೂ ನಂಬುವುದಿಲ್ಲ."

ಮರುದಿನ ಚರ್ಮವನ್ನು ಗಾಜಿನ ಪೆಟ್ಟಿಗೆಗೆ ಹಾಕಿದೆವು. ಪ್ರಾಣಿ, ಊರು, ಕೊಟ್ಟವರು ಎಂದು ಮೂರು ಸಾಲು ಬರೆದೆ. ಮುಂದಿನ ಭಾನುವಾರ ಅವರು ಹೆಂಡತಿ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದರು. ಪ್ರಾಂಶುಪಾಲರ ಒಪ್ಪಿಗೆ ಪಡೆದು ಕೋಣೆ ತೆರೆದುಕೊಟ್ಟೆ. ಮಗಳು ಗಾಜಿಗೆ ಮೂಗು ಒತ್ತಿ ಓದಿ, ಅಪ್ಪನ ಮುಖ ನೋಡಿದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಒಳಗಿನಿಂದ ಅವರ ದನಿ ಕೇಳುತ್ತಿತ್ತು. ಮನೆ ಯಾವ ಕಡೆಗಿತ್ತು, ಬಾವಿ ಎಲ್ಲಿತ್ತು, ಸಮುದ್ರಕ್ಕೆ ಎಷ್ಟು ಹೆಜ್ಜೆ ಎಂದೆಲ್ಲ ವಿವರಿಸುತ್ತಿದ್ದರು. ಮಧ್ಯಾಹ್ನದವರೆಗೂ ಮುಗಿಯಲಿಲ್ಲ. ನನಗೂ ಮನೆಗೆ ಹೋಗುವ ಅವಸರವೇನೂ ಇರಲಿಲ್ಲ.